ಬರ್ಫದ ಖಾನೆಯಲ್ಲಿ ಮೂರು ದಿನ

ನದಿ ಏರಿ ನಿಪ್ಪಾಣಿಯಾಚೆ ಹೆದ್ದಾರಿ ಬಂದಾದಾಗ ನಾನು ಪುಣೆಯಿಂದ ಧಾರವಾಡಕ್ಕೆ ಮರಳುತ್ತಿದ್ದೆ. ಬಸ್ಸು ಮುಂದೆ ಹೋಗದು ಎಂದರು. ಹತ್ತಿರದ ಬೋರಗಾಂವದಲ್ಲಿದ್ದ ಅಣ್ಣನ ಮನೆಗೆ ಹೋದೆ. ಕೈಯಲ್ಲಿ ಥರ್ಮಾಕೋಲ್ ಪೆಟ್ಟಿಗೆ, ಒಳಗೆ ಬೆರಳ ತುದಿಯಷ್ಟು ಸೀಸೆ, ಅದರ ತಳದಲ್ಲಿ ಒಂದು ಹನಿ ಆ್ಯಂಟಿಬಾಡಿ. ಪುಣೆಯ ಗೆಳತಿಯೊಬ್ಬಳು ತನ್ನ ಪ್ರಯೋಗಾಲಯದಲ್ಲಿ ಉಳಿದದ್ದನ್ನು ಕೊಟ್ಟಿದ್ದಳು.

ನನ್ನ ಪಿಎಚ್.ಡಿ. ಪ್ರಬಂಧ ಆ ಹನಿಯ ಮೇಲೆ ನಿಂತಿತ್ತು. ಹಸಿರಾಗಿ ಹೊಳೆಯುವ ಪ್ರೋಟೀನೊಂದನ್ನು ಜೀವಕೋಶಗಳಿಗೆ ಸೇರಿಸಿ, ಅದು ಒಳಗೆ ಎಲ್ಲಿ ಹೋಗಿ ಕೂರುತ್ತದೆಂದು ನೋಡುವುದು ನನ್ನ ಕೆಲಸ. ಆ ಕೋಶಗಳು ಬೂಷ್ಟು ಹತ್ತಿ ಸತ್ತವು. ಹಿಂದೆಯೇ ಮಾಡಿಟ್ಟ ಎರಡು ಸ್ಲೈಡು ಮಾತ್ರ ಉಳಿದಿದ್ದವು, ಅವುಗಳ ಹೊಳಪೂ ಆರಿತ್ತು. ಹೊಳಪು ಆರಿದರೂ ಪ್ರೋಟೀನು ಅಲ್ಲಿದ್ದರೆ ಈ ಆ್ಯಂಟಿಬಾಡಿ ಹೋಗಿ ಅದನ್ನು ಹಿಡಿಯುತ್ತದೆ. ಆಮೇಲೆ ಅದಕ್ಕೆ ಕೆಂಪು ಬಣ್ಣ ಹತ್ತಿಸಿ ನೋಡಬಹುದು.

ಇಷ್ಟನ್ನು ವೈನಿಗೆ, ಅಣ್ಣನ ಹೆಂಡತಿಗೆ, ಹೇಳಿ ಸೀಸೆಯನ್ನು ಅವಳ ಕೈಗೆ ಕೊಟ್ಟೆ. ಅಣ್ಣ ನಕ್ಕ. “ಡೇರಿ ಹಾಲಿಗೂ ಇಷ್ಟ ಕಾಳಜಿ ಇಲ್ಲಲೇ.”

ಮೂರು ದಿನ ಕರೆಂಟು ಬಂದು ಹೋಗಿ ಮಾಡಿತು. ಓಣಿಯ ವಿದ್ಯುತ್ ಮಗ್ಗಗಳ ಸದ್ದಿನಿಂದಲೇ ಅದು ಗೊತ್ತಾಗುತ್ತಿತ್ತು. ಹೊರಡುವ ದಿನ ವೈನಿ ಸೀಸೆಯನ್ನು ಫ್ರಿಜ್ಜಿನ ಬರ್ಫದ ಖಾನೆಯಿಂದ, ಮೇಲಿನ ಫ್ರೀಜರಿನಿಂದ, ತೆಗೆದುಕೊಟ್ಟಳು. ಕರೆಂಟಿಲ್ಲದಾಗ ಅಲ್ಲೇ ಹೆಚ್ಚು ಹೊತ್ತು ತಂಪು ಉಳಿಯುತ್ತದೆ ಎಂದಳು. ಅವಳ ಲೆಕ್ಕ ತಪ್ಪಲ್ಲ. ಆದರೆ ಈ ಆ್ಯಂಟಿಬಾಡಿ ಹೆಪ್ಪುಗಟ್ಟಬಾರದು. ಮತ್ತೆ ಮತ್ತೆ ಗಟ್ಟಿಯಾಗಿ ಕರಗಿದರೆ ಕೆಡುತ್ತದೆ.

ಕೆಳಗಿನ ಖಾನೆಯಲ್ಲಿಡಲು ನಾನು ಹೇಳಿದ್ದೆನೇ? ಹೇಳಿದ್ದೆ ಎಂದು ನೆನಪು. ಆ ದಿನದ ಡೈರಿಯಲ್ಲಿರುವುದು “ಸೀಸೆ ವೈನಿಗೆ ಕೊಟ್ಟೆ” ಎಂದಷ್ಟೇ. ಈ ನೆನಪು ಆ ದಿನದ್ದೋ, ತಪ್ಪಿಸಿಕೊಳ್ಳಲು ಆಮೇಲೆ ಹುಟ್ಟಿಸಿಕೊಂಡದ್ದೋ, ಈಗ ಹೇಳಲಾರೆ.

ಧಾರವಾಡದಲ್ಲಿ ಸೂಕ್ಷ್ಮದರ್ಶಕದಡಿ ಎರಡೂ ಸ್ಲೈಡು ಕಪ್ಪಗಿದ್ದವು, ಕೆಂಪು ಎಲ್ಲೂ ಇರಲಿಲ್ಲ. ಪ್ರೋಟೀನು ಇರಲಿಲ್ಲವೋ, ಆ್ಯಂಟಿಬಾಡಿ ಸತ್ತಿತ್ತೋ ಎಂದು ಗೈಡು ಕೇಳಿದರು. ಗೆಳೆಯ ಬೆಳೆಸಿದ್ದ, ಪ್ರೋಟೀನು ಖಂಡಿತ ಇರುವ ಕೋಶಗಳ ಮೇಲೂ ಸ್ವಲ್ಪ ಹಾಕಿ ನೋಡಿದ್ದರೆ ತಿಳಿಯುತ್ತಿತ್ತು. ಹನಿ ಸಾಲದೆಂದು ಹೆದರಿ, ಇದ್ದದ್ದನ್ನೆಲ್ಲ ನನ್ನ ಸ್ಲೈಡುಗಳಿಗೇ ಸುರಿದಿದ್ದೆ. ಮೊದಲ ವರ್ಷದ ಹುಡುಗರಿಗೆ ಇದನ್ನೇ ಮಾಡಬೇಡಿ ಎಂದು ಕಲಿಸಿದವನು ನಾನು. ಗೈಡು ಬೈಯಲಿಲ್ಲ. ಏನು ಕಂಡಿತೋ, ಏಕೆ ಹಾಗಾಯಿತೋ ಅದನ್ನು ಬರೆದು ಕೊಡು ಎಂದರು.

ಮರುದಿನ ವೈನಿಯ ಫೋನು ಬಂತು. ಸ್ಲೈಡಿನ ಹೊಳಪಿಗೆ ಅವಳು ದೀಪ ಎನ್ನುತ್ತಿದ್ದಳು. “ದೀಪ ಹತ್ತಿತೇನೋ ತಮ್ಮಾ?”

“ಹತ್ತೇತ್ರಿ ವೈನಿ.”

“ಬರ್ಫದಾಗ ಇಟ್ಟೆ ಅಂತ ಉಳೀತ ನೋಡ. ಇನ್ನೊಮ್ಮೆ ತಂದ್ರೂ ನನ್ನ ಕಡೇನ ಕೊಡ.”

ಹೂಂನ್ರಿ ಎಂದೆ. ಗೈಡಿಗೆ ಕೊಡಬೇಕಾದ ಹಾಳೆಯಲ್ಲಿ “ಏನೂ ಕಾಣಲಿಲ್ಲ” ಎಂದು ಬರೆದಿದ್ದೇನೆ. ಏಕೆ ಎಂಬಲ್ಲಿಂದ ಮುಂದೆ ಪೆನ್ನು ಓಡುತ್ತಿಲ್ಲ.