ಅಕ್ಕ ಸಾರಿದ ಇರುವೆ ಹಬ್ಬ

ಓದಿದ ಪುಸ್ತಕ ಮನಸ್ಸಿಗೆ ಹಿಡಿಸಿದರೆ ಅಕ್ಕ ಅದನ್ನು ಪಟ್ಟನೆ ಮುಚ್ಚಿ, "ನಾಳೆ ಹಬ್ಬ ಐತಿ, ರಜಾ!" ಅಂತ ಸಾರುತ್ತಿದ್ದಳು. ಹಿಂದಕ್ಕೆ ನಡೆಯುವ ರಾಜನ ಕತೆ ಓದಿದ ಮರುದಿನ ನಾವಿಬ್ಬರೂ ಸಿರುಗುಪ್ಪದ ಕಾಲುವೆಯ ತನಕ ಹಿಂದುಹಿಂದಕ್ಕೆ ನಡೆದು, ದಂಡೆಯ ಮೇಲೆ ಕೂತು ಮಂಡಕ್ಕಿ ಒಗ್ಗರಣಿ, ಮಿರ್ಚಿ ತಿಂದೆವು. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟ ನನಗೆ ಪುಸ್ತಕದ ರುಚಿ ಹತ್ತಿದ್ದು ಹೀಗೆ.

ನಾನು ರೈಸ್ ಮಿಲ್ಲಿನಲ್ಲಿ ಹಮಾಲಿಗೆ ಸೇರಿದ ಮೇಲೆ, ಒಂದು ದಿನ ಅಕ್ಕ ಬೆಲ್ಲ ಹಿಡಿದುಕೊಂಡು ಗೇಟಿಗೆ ಬಂದಳು.

"ಲೇ ತಮ್ಮಾ, ಆನಿಯನ್ನ ಸೋಲಿಸಿದ ಇರುವಿ ಕತಿ ಓದೀನಿ. ಇವತ್ತ ಇರುವಿ ಹಬ್ಬ. ಬಾ, ಬೆಲ್ಲ ಹಾಕೂಣು."

ಜೊತೆಗಿದ್ದ ಹಮಾಲರು ನಕ್ಕರು. "ನಿಮ್ಮಕ್ಕಗ ತಲಿ ಕೆಟ್ಟೈತೇನಲೇ?"

"ಹೂಂ, ಓದಿ ಓದಿ ಕೆಟ್ಟೈತಿ" ಎಂದು ನಾನೂ ನಕ್ಕುಬಿಟ್ಟೆ.

ಅಕ್ಕ ಒಬ್ಬಳೇ ಕುಕ್ಕರಗಾಲಲ್ಲಿ ಕೂತು, ಗೋಡೆ ಬದಿಯ ಇರುವೆ ಸಾಲಿಗೆ ಬೆಲ್ಲ ಉದುರಿಸಿ, ಸೆರಗಿಗೆ ಕೈ ಒರೆಸಿಕೊಂಡು ಹೋದಳು. ಆಮೇಲೆ ಒಂದು ಹಬ್ಬವನ್ನೂ ಸಾರಲಿಲ್ಲ.

ಈಗ ಬಳ್ಳಾರಿಯ ಅವಳ ಮನೆಯಲ್ಲಿ ಕಪಾಟಿನ ತುಂಬ ಪುಸ್ತಕಗಳಿವೆ. ಮೊನ್ನೆ ಹೋದಾಗ ಧೈರ್ಯ ಮಾಡಿ ಕೇಳಿದೆ:

"ಅಕ್ಕಾ, ಇವತ್ತ ಯಾವ ಹಬ್ಬ?"

ಅವಳು ಚಹಾ ಸೋಸುತ್ತಲೇ ಮೆಲ್ಲಗೆ ಅಂದಳು:

"ಇವತ್ತ ಬರೇ ಮಂಗಳವಾರ, ತಮ್ಮಾ."