ಬಲಿ ಕೊಡಲು ಕೈ ಬಾರದ ಬೈಂಡರ್

ನಮ್ಮವರು ಬುಕ್ ಬೈಂಡರ್. ಬೆನ್ನು ಮುರಿದ ನಿಘಂಟು, ಹುಳ ತಿಂದ ಅಟ್ಲಾಸು, ಹಾಳೆ ಉದುರುವ ಕಾದಂಬರಿ, ಯಾವುದು ಬಂದರೂ "ಇನ್ನೂ ಜೀವ ಇದೆ" ಎನ್ನುತ್ತಾರೆ. ಮನೆಯಲ್ಲೂ ಅದೇ ಕಥೆ. ಹಲ್ಲು ಉದುರಿದ ಬಾಚಣಿಗೆಯನ್ನು ಎಸೆಯಲು ಹೋದರೆ ಕೊಲೆಗಾರ್ತಿಯನ್ನು ನೋಡುವಂತೆ ನನ್ನನ್ನು ನೋಡುತ್ತಾರೆ. ಇಪ್ಪತ್ತಮೂರು ವರ್ಷದಿಂದ ಈ ಮನುಷ್ಯನ ಜೊತೆ ಏಗುತ್ತಿದ್ದೇನೆ, ಆಡಿಕೊಳ್ಳುವ ಹಕ್ಕು ನನಗಿದೆ.

ಇಂಥವರಿಗೆ ನಮ್ಮ ಮಗಳು ಕಾರ್ಡ್ ಆಟ ಕಲಿಸಿದಳು. ಇಸ್ಪೀಟಲ್ಲ, ಭೂತ, ಮಾಟಗಾತಿ, ಡ್ರ್ಯಾಗನ್‌ಗಳ ಕಾರ್ಡುಗಳನ್ನು ಆರಿಸಿ, ನಲವತ್ತರ ಒಂದು ಕಟ್ಟು ಮಾಡಿಕೊಂಡು ಎದುರಾಳಿಯ ಮೇಲೆ ಯುದ್ಧಕ್ಕೆ ಹೋಗುವ ಆಟ. ಕಾಲೇಜು ಸೇರಿದ ಮೇಲೆ ಅವಳು ಅಪ್ಪನ ಹತ್ತಿರ "ಹೂಂ", "ಉಹೂಂ" ಬಿಟ್ಟು ಬೇರೆ ಮಾತಾಡಿದ್ದು ಈ ಆಟದ ಮೇಜಿನಲ್ಲಿ ಮಾತ್ರ. ಭಾನುವಾರ ಕಾರ್ಡಿನ ಅಂಗಡಿಯಲ್ಲಿ ಇಬ್ಬರೂ ಜೋಡಿಯಾಗಿ ಆಡುತ್ತಿದ್ದರು. ಆ ಒಂದು ದಿನಕ್ಕೋಸ್ಕರ ಇವರು ಸೋಮವಾರವೇ ಅಂಗಿ ಇಸ್ತ್ರಿ ಮಾಡಿಡುತ್ತಿದ್ದರು.

ಮಗಳು ಅಪ್ಪನಿಗೆ ಜೋಡಿಸಿಕೊಟ್ಟದ್ದು ಬಲಿಯ ಕಟ್ಟು. ಮೊದಲು ದೊಡ್ಡ ಡ್ರ್ಯಾಗನ್ನನ್ನು ಬೇಕೆಂದೇ ಸ್ಮಶಾನಕ್ಕೆ, ಅಂದರೆ ಸತ್ತ ಕಾರ್ಡುಗಳ ರಾಶಿಗೆ, ಕಳಿಸಬೇಕು. ಆಮೇಲೆ ಮೂರು ಚಿಳ್ಳೆಪಿಳ್ಳೆ ಭೂತಗಳನ್ನು ಬಲಿ ಕೊಟ್ಟರೆ ಡ್ರ್ಯಾಗನ್ ಎದ್ದು ಬಂದು ಎದುರಾಳಿಯನ್ನು ನುಂಗಿ ನೀರು ಕುಡಿಯುತ್ತದೆ.

"ನಿಂಗೆ ಹೇಳಿ ಮಾಡಿಸಿದ ಹಾಗಿದೆ ಅಪ್ಪ. ಸತ್ತಿದ್ದನ್ನ ಎಬ್ಬಿಸೋದೇ ನಿನ್ ಕೆಲಸ ಅಲ್ವಾ?" ಎಂದಳು.

ಎಬ್ಬಿಸುವುದೇನೋ ಸರಿ, ಬಲಿಗೆ ಕೈ ಬರಬೇಕಲ್ಲ! ಆ ಕಟ್ಟಿನಲ್ಲಿ ಪೊರಕೆ ಹಿಡಿದ ಮುದುಕಿ ಭೂತವೊಂದಿತ್ತು. ಅದರ ಸರದಿ ಬಂದಾಗಲೆಲ್ಲ ಇವರು, "ಪಾಪ, ಈಗ್ತಾನೆ ಬಂದಿದಾಳೆ, ಒಂದು ಸುತ್ತು ಇರ್ಲಿ" ಎನ್ನುತ್ತಿದ್ದರು. ಆ ಸುತ್ತಿನಲ್ಲೇ ಸೋಲುತ್ತಿದ್ದರು.

ಏಳನೇ ಸೋಲಿಗೆ ಮಗಳ ತಾಳ್ಮೆ ಮುಗಿಯಿತು. "ಈ ಭಾನುವಾರದ ಪಂದ್ಯದಲ್ಲೂ ಹೀಗೇ ಮಾಡಿದ್ರೆ ಪಕ್ಕದ್ಮನೆ ಹಲ್ಲಿನ ಡಾಕ್ಟರ್‌ನ ಜೋಡಿ ಮಾಡ್ಕೋತೀನಿ. ಅವ್ರಿಗಾದ್ರೆ ಕೀಳೋದು ಅಭ್ಯಾಸ ಇದೆ."

ಆ ವಾರ ಇವರಿಗೆ ಊಟ ಸೇರಲಿಲ್ಲ. "ಆ ಮುದುಕೀನ ನಿಮ್ ಷಡ್ಡಕ ಅಂದ್ಕೊಂಡು ಬಲಿ ಕೊಟ್ಬಿಡಿ" ಎಂದು ಉಪಾಯ ಹೇಳಿಕೊಟ್ಟೆ. "ಅವನೂ ಪಾಪ" ಎಂದರು. ಹಣೆ ಚಚ್ಚಿಕೊಂಡೆ.

ಶನಿವಾರ ಮಧ್ಯಾಹ್ನ ಕಾರ್ಡುಗಳ ಅಂಚು ನವೆದಿರುವುದು ಇವರ ಕಣ್ಣಿಗೆ ಬಿತ್ತು. ಅಂಚು ನವೆದರೆ ಬೈಂಡರ್ ಇನ್ನೇನು ಮಾಡುತ್ತಾನೆ? ಕಟ್ಟನ್ನು ಮೇಜಿನ ಮೇಲೆ ಕುಟ್ಟಿ ಸಮ ಮಾಡಿ, ಕಟಿಂಗ್ ಮೆಷಿನ್ನಿಗೆ ಕೊಟ್ಟು, ನಾಲ್ಕೂ ಬದಿಗೆ ಹಿಡಿ ಎಳೆದೇಬಿಟ್ಟರು. ಮೂವತ್ತೊಂಬತ್ತು ಕಾರ್ಡುಗಳು ಹೊಸದರಂತೆ ಹೊಳೆದವು. ನಲವತ್ತನೆಯದು, ಆ ಡ್ರ್ಯಾಗನ್, ಮಗಳ ಚೀಲದಲ್ಲಿತ್ತು. ಹನ್ನೆರಡನೇ ವಯಸ್ಸಿನಲ್ಲಿ ಅವಳು ಬಹುಮಾನವಾಗಿ ಗೆದ್ದ ಕಾರ್ಡು. ಆಟದ ಹೊತ್ತಿಗೆ ಮಾತ್ರ ಅಪ್ಪನ ಕೈಗೆ ಕೊಡುತ್ತಿದ್ದಳು.

ಭಾನುವಾರ ನಾನೂ ಜೊತೆಗೆ ಹೋದೆ. ಅಂಗಡಿಯ ಒಡತಿಯೇ ತೀರ್ಪುಗಾರ್ತಿ. ಮಗಳು ಡ್ರ್ಯಾಗನ್ ಸೇರಿಸಿ ಕೊಟ್ಟ ಕಟ್ಟನ್ನು ಅವಳು ಕೈಗೆತ್ತಿಕೊಂಡರೆ, ಡ್ರ್ಯಾಗನ್ ಉಳಿದೆಲ್ಲ ಕಾರ್ಡುಗಳಿಗಿಂತ ಕೂದಲೆಳೆಯಷ್ಟು ತಲೆ ಎತ್ತಿ ನಿಂತಿತ್ತು.

"ಇದು ಎಲ್ಲಿದೆ ಅಂತ ಎಲ್ರಿಗೂ ಕಾಣುತ್ತೆ. ಎಲ್ಲಾ ಒಂದೇ ಅಳತೆ ಇರ್ಬೇಕು, ಇಲ್ಲಾಂದ್ರೆ ಆಡೋ ಹಾಗಿಲ್ಲ" ಎಂದಳು.

ನಮ್ಮವರ ಮುಖ ಇಂಗು ತಿಂದ ಮಂಗನಂತಾಯಿತು. ಚಾಕು, ಉಕ್ಕಿನ ಸ್ಕೇಲು ಯಾವಾಗಲೂ ಅವರ ಜೇಬಿನಲ್ಲಿರುತ್ತವೆ. ಅವನ್ನು ಮುಟ್ಟಲೇ ಇಲ್ಲ. ಡ್ರ್ಯಾಗನ್ನನ್ನು ಮಗಳ ಕೈಗಿಟ್ಟು ಎದ್ದು ನಿಂತರು.

"ಇದು ನಿಂದು. ಕತ್ತರಿಸೋಕೆ ನನ್ನಿಂದಾಗಲ್ಲ. ನೀನು ಡಾಕ್ಟರ್‌ನೇ ಕರ್ಕೋ, ಮಗಳೇ."

ನನಗೆ ಅಳುವೂ ಬಂತು, ಸಿಟ್ಟೂ ಬಂತು.

ಮಗಳು ಕಾರ್ಡನ್ನು ತಿರುಗಿಸಿ ತಿರುಗಿಸಿ ನೋಡಿದಳು. "ಕೂತ್ಕೋ ಅಪ್ಪ. ಬಲಿ ಕೊಡು ಅಂತ ಹೇಳ್ಕೊಟ್ಟೆ ನಿಜ. ನಿನ್ನನ್ನೇ ಕೊಟ್ಕೋ ಅಂತ ಹೇಳಿದ್ನಾ?" ಅವರ ಜೇಬಿಗೆ ತಾನೇ ಕೈ ಹಾಕಿ ಸ್ಕೇಲು, ಚಾಕು ತೆಗೆದಿಟ್ಟಳು. "ಕತ್ತರಿಸು. ನೆಟ್ಟಗೆ."

ಕಣ್ಣಲ್ಲಿ ನೀರು ತುಂಬಿದ್ದರೂ ಕೈ ಮಾತ್ರ ಅಲುಗಲಿಲ್ಲ. ಮೂವತ್ತು ವರ್ಷದ ಕಸುಬು. ನಾಲ್ಕು ಬದಿಗೆ ನಾಲ್ಕು ಗೀರು. ಒಡತಿ ಕಟ್ಟಿನ ಮೇಲೆ ಬೆರಳಾಡಿಸಿ "ಸರಿ" ಎಂದಳು.

ಗೆದ್ದರು ಎಂದು ಬರೆಯಲು ನನಗೂ ಆಸೆ. ಮೊದಲನೇ ಪಂದ್ಯವನ್ನು ಗೆದ್ದರು ಕೂಡ. ಎರಡನೆಯದರಲ್ಲಿ ಡ್ರ್ಯಾಗನ್ ಸ್ಮಶಾನ ಸೇರಿತು, ಎರಡು ಭೂತಗಳು ಬಲಿಯಾದವು. ಮೂರನೆಯದಾಗಿ ಪೊರಕೆ ಮುದುಕಿ ಬಂದಳು. ಹುಟ್ಟುಗುಣ ಸುಟ್ಟರೂ ಹೋಗದು. "ಒಂದು ಸುತ್ತು ಇರ್ಲಿ" ಎಂದರು, ಸೋತರು.

ಮನೆಗೆ ಬಂದ ಮೇಲೆ ಇವರು ಜೇಬಿನಿಂದ ಮಡಚಿದ ಕಾಗದವೊಂದನ್ನು ತೆಗೆದು ಮಗಳ ಮುಂದೆ ಬಿಚ್ಚಿದರು. ಒಳಗೆ ಡ್ರ್ಯಾಗನ್ನಿನ ನಾಲ್ಕು ಅಂಚುಗಳು, ನೂಲಿನಷ್ಟು ಸಣ್ಣವು.

"ಎಸೀಲಿಲ್ಲ ಕಣೇ. ಮತ್ತೆ ಅಂಟಿಸ್ಬೋದು. ಇನ್ನೂ ಜೀವ ಇದೆ."

ಮಗಳು ನಕ್ಕಳು, ನಗುತ್ತಲೇ ಕಣ್ಣೊರೆಸಿಕೊಂಡಳು. "ಈಗ್ಲೇ ಅಂಟಿಸ್ಬೇಡ ಅಪ್ಪ. ಮುಂದಿನ ಭಾನುವಾರಾನೂ ನಮ್ಮ ಅಳತೆ ನೋಡ್ತಾರೆ."

ಸೋಮವಾರಕ್ಕೂ ಕಾಯದೆ ನಮ್ಮವರು ಇಸ್ತ್ರಿಪೆಟ್ಟಿಗೆ ಹುಡುಕತೊಡಗಿದರು.