ಬೆಲ್ಲದ ಮೇಲಿನ ಅಪವಾದ

ನಮ್ಮ ಶಾಲೆಯ ಅಂಗಳದಲ್ಲಿ ನರ್ಸ್ ಕೊಡುತ್ತಿದ್ದ ಹುಳದ ಗುಳಿಗೆಗೆ ನಿಂತ ಮಕ್ಕಳ ಸಾಲಿನ ಕೊನೆಯಲ್ಲಿ ನಾನೂ ನಿಂತಿದ್ದೆ. ಆ ಮಕ್ಕಳಿಗೆ ವಿಜ್ಞಾನ ಕಲಿಸುವವಳು ನಾನೇ. ನನ್ನ ಮುಂದಿದ್ದವಳು ಪಕ್ಕದ ಮನೆಯ ಆರು ವರ್ಷದ ಶಾಂತಿ, ಜೊತೆಗೆ ಅವಳ ಅಜ್ಜಿ ಬಸವ್ವ.

ಹಿಂದಿನ ವಾರ ಶಾಂತಿಯ ಹೊಟ್ಟೆಯಿಂದ ಗೇಣುದ್ದದ ಜಂತುಹುಳ ಬಿದ್ದಿತ್ತು. ಬೆಲ್ಲ ತಿಂದೇ ಹುಳ ಆಯಿತೆಂದು ಬಸವ್ವ ಬೆಲ್ಲದ ಡಬ್ಬಿಯನ್ನು ಅಟ್ಟಕ್ಕೇರಿಸಿದ್ದಳು. ಬಯಲಿಗೆ ಹೋದವರಿಂದ ಹುಳದ ತತ್ತಿ ಮಣ್ಣಿಗೆ, ಮಣ್ಣಿನಿಂದ ಕೈಗೆ, ಹಸಿ ಸೊಪ್ಪಿಗೆ, ಅಲ್ಲಿಂದ ಬಾಯಿಗೆ ಬರುತ್ತದೆಂದು ನಾನು ಎಷ್ಟು ಹೇಳಿದರೂ ಆಕೆ ನಂಬಲಿಲ್ಲ. ಹುಡುಗಿ ದಿನಾ ಸಪ್ಪೆ ಚಹಾ ಮುಂದಿಟ್ಟುಕೊಂಡು ಅಳುತ್ತಿದ್ದಳು.

"ಅಕ್ಕೋರ, ನೀವ್ಯಾಕ ಇಲ್ಲಿ ನಿಂತೀರಿ?" ಬಸವ್ವ ಇಡೀ ಅಂಗಳಕ್ಕೆ ಕೇಳುವಂತೆ ಕೇಳಿದಳು.

ಸುಳ್ಳು ಹೇಳಬಹುದಿತ್ತು. ಶಾಂತಿಯ ಮುಖ ನೋಡಿ, "ನನಗೂ ಹುಳ ಬಿದ್ದೈತಿ, ಬಸವ್ವ" ಎಂದೆ.

"ಅಯ್ಯ ಶಿವನ! ನೀವು ಚಾಕ್ಕೂ ಸಕ್ಕರಿ ಹಾಕ್ಕೊಳ್ಳಂಗಿಲ್ಲಲ್ರಿ! ಬೆಲ್ಲ ಅಂತೂ ಮುಟ್ಟಂಗಿಲ್ಲ!"

"ಮೂರು ತಿಂಗಳ ಹಿಂದ ಹೊಲದಾಗ ಹಕ್ಕರಕಿ ಸೊಪ್ಪು ಕಿತ್ತು, ಸೆರಗಿಗೆ ಒರೆಸಿ, ರೊಟ್ಟಿ ಜೋಡಿ ಕೊಟ್ಟಿದ್ರಿ. ತೊಳದ್ರ ರುಚಿ ಹೋಗ್ತೈತಿ ಅಂದಿದ್ರಿ."

ಮಕ್ಕಳು ಕಿಸಕ್ಕೆಂದರು. ಬಸವ್ವ ತನ್ನ ಸೆರಗನ್ನೊಮ್ಮೆ ನೋಡಿಕೊಂಡು, ನನ್ನ ಹಿಂದೆ ಬಂದು ನಿಂತಳು. "ನರ್ಸಬಾಯಿ, ನನಗೂ ಒಂದು ಗುಳಿಗಿ ಇಡ್ರಿ."

ಅಂದು ಸಂಜೆ ಬೆಲ್ಲದ ಡಬ್ಬಿ ಕೆಳಗಿಳಿಯಿತು. ನನ್ನ ಹೊಟ್ಟೆಯ ಸುದ್ದಿ ಮಾತ್ರ ಇನ್ನೂ ತಿರುಗುತ್ತಿದೆ. ಸಂಶಿಯ ಸಂತೆಯಲ್ಲಿ ಹಕ್ಕರಕಿ ಮಾರುವವಳು ಈಗ "ತೊಳಕೊಂಡು ತಿನ್ರಿ, ಅಕ್ಕೋರ" ಎಂದು ನನಗೇ ಬುದ್ಧಿ ಹೇಳುತ್ತಾಳೆ.